ಹಸಿ ಹಂಚು ಹಿಡಿಯುವ ಹಾಗೆ

ಹಂಚು ಅವನ ಹಣೆಗೆ ಬಡಿದಾಗ ಇಡೀ ಶೆಡ್ಡು ತಿರುಗಿ ನೋಡಿತು...

ಬೆನಿಟಾ ಅದನ್ನು ಎಸೆದದ್ದು ಅವನ ಮೇಲಲ್ಲ, ಜಕರಿಯ ಮೇಸ್ತ್ರಿಯ ಕಾಲ ಬುಡದ ನೆಲಕ್ಕೆ. ಆದರೆ ಸಿಟ್ಟು ಹತ್ತಿದ ಕೈಗೆ ಗುರಿ ಎಲ್ಲಿಯದು? ಅರೆ ಒಣಗಿದ ಆ ಹಂಚು ಮೇಸ್ತ್ರಿಯ ಭುಜದ ಪಕ್ಕದಿಂದ ಹಾರಿ, ಬಾಗಿಲಲ್ಲಿ ನಿಂತಿದ್ದ ಎತ್ತರದ ಮನುಷ್ಯನೊಬ್ಬನ ಎಡ ಹುಬ್ಬಿನ ಮೇಲೆ ಒಡೆಯಿತು.

ಅವನು ಕೂಗಲಿಲ್ಲ, ಬೈಯಲೂ ಇಲ್ಲ. ಇಳಿದು ಬಂದ ರಕ್ತವನ್ನು ಅಂಗಿಯ ತೋಳಿನಿಂದ ಒರೆಸಿಕೊಂಡು, ಕಾಲ ಬಳಿ ಬಿದ್ದ ಚೂರೊಂದನ್ನು ಎತ್ತಿ, ಅದನ್ನೊಮ್ಮೆ, ಅವಳನ್ನೊಮ್ಮೆ ನೋಡಿದ.

ಆ ನೋಟದಲ್ಲಿ ಕೋಪ ಇದ್ದಿದ್ದರೆ ಅವಳಿಗೆ ಎಷ್ಟೋ ಸುಲಭವಾಗುತ್ತಿತ್ತು.

ಅದು ೧೯೨೬ರ ಜನವರಿ. ಮಂಗಳೂರಿನ ಹೊಯಿಗೆ ಬಜಾರಿನ ಬದಿ, ನದಿಗೆ ಬೆನ್ನು ಹಾಕಿ ನಿಂತ ಹಂಚಿನ ಕಾರ್ಖಾನೆ. ಬೆನಿಟಾ ಅಲ್ಲಿ ಹಸಿ ಹಂಚಿನ ಅಂಚು ಸವರುವ ಕೆಲಸದವಳು. ಇಪ್ಪತ್ತಮೂರರ ಹುಡುಗಿ, ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಏಟು ತಿಂದವನು ಸೈಲಾಸ. ಗೂಡಿನಲ್ಲಿ ಬೆಂದು ಬಂದ ಹಂಚುಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ, ಸ್ವರ ಕೇಳಿ, ಒಳಗೆ ಬಿರಿದದ್ದನ್ನು ಬೇರೆ ಮಾಡುವವನು. ದಿನವಿಡೀ ಕೇಳುವುದೇ ಕೆಲಸವಾದ್ದರಿಂದಲೋ ಏನೋ, ಅವನಿಗೆ ಮಾತು ನಿಧಾನ. ಅವನು ಒಂದು ವಾಕ್ಯ ಶುರುಮಾಡಿ ಮುಗಿಸುವಷ್ಟರಲ್ಲಿ ನಾವು ಬಂದರಿಗೆ ಹೋಗಿ ಮೀನು ತರಬಹುದು ಎಂದು ಹೆಂಗಸರು ನಗುತ್ತಿದ್ದರು.

ಹಾಗಾದರೆ ಆ ಹಂಚು ಹಾರಿದ್ದು ಯಾಕೆ?

ನದಿಯಾಚೆಯ ಬೆಂಗ್ರೆಯಿಂದ ದೋಣಿಯಲ್ಲಿ ದಾಟಿ ಕೆಲಸಕ್ಕೆ ಬರುತ್ತಿದ್ದ ಅಕ್ಕು ಐದು ತಿಂಗಳ ಬಸುರಿ. ಹಡಗಿಗೆ ಮಾಲು ಹೋಗುವ ಅವಸರದಲ್ಲಿ ಮೇಸ್ತ್ರಿ ಅವಳ ತಲೆಯ ಮೇಲೆ ಒಂದರ ಬದಲು ಎರಡು ಹಲಗೆ ಹಸಿ ಹಂಚು ಹೊರಿಸಿದ. ಅವಳು ಬಿದ್ದಳು, ಹಂಚೂ ಬಿತ್ತು. "ಕೈ ಜಾರುವವರು ನಮಗೆ ಬೇಡ. ನಾಳೆಯಿಂದ ಬರಬೇಡ," ಎಂದು ಅವಳು ನೆಲದಿಂದ ಏಳುವ ಮೊದಲೇ ಹೇಳಿಬಿಟ್ಟ.

"ಜಾರಿದ್ದು ಅವಳ ಕೈ ಅಲ್ಲ ಮೇಸ್ತ್ರಿಗಳೇ. ಎರಡನೇ ಹಲಗೆ ಇಟ್ಟದ್ದು ನೀವು," ಎಂದಳು ಬೆನಿಟಾ.

"ಅವಳು ನಮ್ಮ ಸಭೆಯವಳು ಕೂಡ ಅಲ್ಲ. ನಿನಗೆ ಎಂತ ಉರಿ?"

ಅಷ್ಟೇ... ಹಂಚು ಹಾರಿತು.

*

ಜಕರಿಯ ವಾರದ ದಿನ ಕಾರ್ಖಾನೆಯ ಮೇಸ್ತ್ರಿ, ಭಾನುವಾರ ಕ್ರೈಸ್ತ ದೇವಾಲಯದಲ್ಲಿ ಸಭೆಯ ಹಿರಿಯ. ಸಭೆಯವರೆಲ್ಲ ಒಟ್ಟಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಕರ್ತನ ಭೋಜನದ ದಿನ ರೊಟ್ಟಿಯ ಹಿಂದೆ ಪಾತ್ರೆ ಹಿಡಿದು ಬರುವ ಕೈ ಅವನದೇ. ಹೀಗೆ ಕಾರ್ಖಾನೆಯಲ್ಲಿ ಎಸೆದ ಹಂಚಿನ ಸದ್ದು ನೇರವಾಗಿ ದೇವಾಲಯದಲ್ಲಿ ಕೇಳಿಸಿತು.

ಆ ಸಭೆಗೆ ಒಂದು ರೂಢಿ ಇತ್ತು. ಭೋಜನ ವರ್ಷಕ್ಕೆ ಮೂರು ಸಲ. ಅದರ ಹಿಂದಿನ ವಾರದ ಶುಕ್ರವಾರ ಪ್ರತಿಯೊಬ್ಬರೂ ಬೋಧಕರ ಮನೆಯ ಜಗಲಿಗೆ ಹೋಗಿ ಹೆಸರು ಕೊಡಬೇಕು. ಬೋಧಕರು ಒಂದೇ ಪ್ರಶ್ನೆ ಕೇಳುತ್ತಾರೆ: "ಯಾರ ಹತ್ತಿರವಾದರೂ ಜಗಳ ಉಂಟಾ?" ಉಂಟು ಎಂದಾದರೆ ರಾಜಿಯಾಗುವ ತನಕ ಹೆಸರಿಲ್ಲ. ಸಾಲಾಗಿ ಮೂರು ಸಲ ಹೆಸರು ತಪ್ಪಿದರೆ ಸಭೆಯ ಪಟ್ಟಿಯಿಂದಲೇ ಹೊರಗೆ. ಮದುವೆಗೆ ಬೋಧಕರಿಲ್ಲ, ಸತ್ತರೆ ಸಭೆಯ ಮಣ್ಣೂ ಇಲ್ಲ.

ಈಸ್ಟರಿನ ಭೋಜನಕ್ಕೆ ಹೆಸರು ಕೊಡಲು ಹೋದಾಗ ಬೆನಿಟಾ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದಳು. 'ಸೈಲಾಸನ ಹತ್ತಿರ ಕ್ಷಮೆ ಕೇಳುತ್ತೇನೆ. ಪಾಪ, ಅವನೆಂತ ಮಾಡಿದ್ದ?'

ಜಗಲಿಯಲ್ಲಿ ಬೋಧಕರ ಪಕ್ಕ ಮೇಸ್ತ್ರಿ ಕೂತಿದ್ದ.

"ನೀನು ಶೆಡ್ಡಿನಲ್ಲಿ ಹೇಳಿದ್ದೆಲ್ಲ ಸುಳ್ಳು ಅಂತ ಸಭೆಯ ಮುಂದೆ ಹೇಳಬೇಕು," ಎಂದ. "ಆಮೇಲೆ ಹೆಸರು. ಹೆಣ್ಣಿಗೆ ಸಾಧುತ್ವ ಬೇಕು. ದೀರ್ಘಶಾಂತಿ ಬೇಕು, ತಾಳಿಕೊಳ್ಳಬೇಕು."

"ಎಸೆದದ್ದು ತಪ್ಪು. ಹೇಳಿದ್ದು ಸುಳ್ಳಲ್ಲ."

"ನೋಡಿದಿರಾ ಅಯ್ಯನವರೇ, ಬಾಯಿ?"

ಬೋಧಕರು ಮೆತ್ತನೆಯ ಮನುಷ್ಯ. ಮೆತ್ತಗಿದ್ದೂ ಮೆತ್ತಗಿದ್ದೂ ಯಾರ ಕಡೆಯೂ ನಿಲ್ಲಲಾಗದ ಮನುಷ್ಯ. ಪುಸ್ತಕ ನೋಡಿ ನಿಟ್ಟುಸಿರು ಬಿಟ್ಟರು. "ಸೈಲಾಸನೂ ಹೆಸರು ಕೊಟ್ಟಿಲ್ಲಮ್ಮ. ಅವನಿಗೂ ಒಂದು ಜಗಳ ಬಾಕಿ ಉಂಟಂತೆ."

ಬೆನಿಟಾಳ ಮುಖಕ್ಕೆ ಯಾರೋ ನೀರು ಎರಚಿದ ಹಾಗಾಯಿತು.

'ಬಾಕಿಯಾ? ಅವತ್ತು ಅಷ್ಟು ಶಾಂತವಾಗಿ ನೋಡಿದವನು, ಒಂದು ಏಟನ್ನು ಮೂರು ತಿಂಗಳಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾನಾ? ಅದೂ ಇಲ್ಲಿ ಬಂದು ಹೇಳುತ್ತಾನಾ?'

ಜೋಡಿಸಿಕೊಂಡಿದ್ದ ಕ್ಷಮೆಯ ಮಾತನ್ನೆಲ್ಲ ಅವಳು ಜಗಲಿಯ ಮೆಟ್ಟಿಲಲ್ಲೇ ಬಿಟ್ಟು ಬಂದಳು.

*

ಈಸ್ಟರ್ ಬೆಳಿಗ್ಗೆ ಊರೆಲ್ಲ ದೇವಾಲಯಕ್ಕೆ ಹೊರಟಾಗ ಬೆನಿಟಾ ದೋಣಿ ನಿಲ್ಲುವ ಧಕ್ಕೆಗೆ ಹೋಗಿ ಬೆಂಗ್ರೆಯ ದೋಣಿ ಹತ್ತಿದಳು. ಅಕ್ಕುವನ್ನು ನೋಡಬೇಕಿತ್ತು. ಮತ್ತೆ, ದೇವಾಲಯದ ಗಂಟೆಯ ಸದ್ದಿನಿಂದ ದೂರ ಹೋಗಬೇಕಿತ್ತು.

ದೋಣಿಯ ಇನ್ನೊಂದು ತುದಿಯಲ್ಲಿ, ಮಡಿಲಲ್ಲಿ ಅಕ್ಕಿಯ ಚೀಲ ಇಟ್ಟುಕೊಂಡು ಸೈಲಾಸ ಕೂತಿದ್ದ! ಎಡ ಹುಬ್ಬಿನ ಮೇಲೆ ಗಾಯ ಮಾಗಿ ಬಿಳಿ ಗೆರೆಯಾಗಿತ್ತು.

"ನೀವು ಭೋಜನಕ್ಕೆ ಹೋಗಲಿಲ್ಲವಾ?" ತಡೆಯಲಾಗದೆ ಕೇಳಿದಳು.

"ಹೆಸರು... ಕೊಡಲಿಲ್ಲ."

"ಗೊತ್ತುಂಟು. ಜಗಳ ಬಾಕಿ ಉಂಟಂತಲ್ಲ ನಿಮಗೆ."

"ಹೌದು. ಆದರೆ ಅದು..." ಅವನು ನೀರು ನೋಡಿದ. ಮಾತು ಹುಡುಕಿದ. "ಅದು ನಿಮ್ಮ..."

"ಬೇಡ. ನನ್ನ ಹೆಸರು ನಿಮ್ಮ ಬಾಯಲ್ಲಿ ಬೇಡ. ಅಕ್ಕುವಿಗೆ ಅಕ್ಕಿ ಕೊಟ್ಟರೆ ಪುಣ್ಯ ಬರ್ತದೆ ಅಂತ ಲೆಕ್ಕವಾ? ಅವಳು ಬಿದ್ದದ್ದನ್ನು ನೋಡಿಯೂ ಬಾಯಿ ಬಿಡದವರು ನೀವು."

ಅವನ ತುಟಿ ಇನ್ನೂ ಆ ಅರ್ಧ ವಾಕ್ಯದ ಮೇಲೆಯೇ ನಿಂತಿತ್ತು. ಬೆನಿಟಾ ಮುಖ ತಿರುಗಿಸಿ ಕೂತಳು. ಅಯ್ಯೋ ಹುಡುಗಿ... ಇನ್ನು ನಾಲ್ಕು ಹುಟ್ಟು ಹಾಕುವಷ್ಟು ಹೊತ್ತು ಕಾದಿದ್ದರೆ ಈ ಕಥೆ ದೋಣಿಯಲ್ಲೇ ಮುಗಿಯುತ್ತಿತ್ತು.

ಆದರೆ ಕಾಯುವುದನ್ನು ಅವಳಿಗೆ ಇನ್ನೂ ಯಾರೂ ಕಲಿಸಿರಲಿಲ್ಲ.

*

ಕಲಿಸಲು ಬಂದವಳು ಎವ್ಲಿನಮ್ಮ. ಮನೆ ಮನೆಗೆ ಹೋಗಿ ಬೈಬಲ್ ಓದಿ ಹೇಳುವ ಮುದುಕಿ. 'ಆ ಹುಡುಗಿಗೆ ಸ್ವಲ್ಪ ಸಾಧುತ್ವ ಕಲಿಸಿ' ಎಂದು ಮೇಸ್ತ್ರಿಯೇ ಕಳಿಸಿದ್ದ. ಪ್ರತಿ ಬುಧವಾರ ಸಂಜೆ ಬಂದು, ಬೆನಿಟಾಳ ತಾಯಿ ಕೊಟ್ಟ ಗಂಜಿ ಕುಡಿದು, ಹೊಸ್ತಿಲಲ್ಲಿ ಕೂರುತ್ತಿದ್ದಳು.

"ನನಗೆ ಬಾಯಿ ಮುಚ್ಚಲಿಕ್ಕೆ ಕಲಿಸಲಿಕ್ಕೆ ಬಂದದ್ದಾ?" ಬೆನಿಟಾ ಮೊದಲ ದಿನವೇ ಕೇಳಿದಳು.

"ಅಲ್ಲ ಮಗಾ. ಬಾಯಿ ಮುಚ್ಚುವುದನ್ನು ಹೆದರಿದವರೂ ಮಾಡ್ತಾರೆ. ಅದಕ್ಕೆ ದೇವರು ಯಾಕೆ ಬೇಕು?"

ಬೆನಿಟಾ ಹೊಸ್ತಿಲಿಗೆ ಬಂದು ಎದುರು ಕೂತಳು.

"ನೀನು ಹಸಿ ಹಂಚು ಹೇಗೆ ಎತ್ತುತ್ತಿ, ಹೇಳು."

"ಎರಡೂ ಅಂಗೈಲಿ. ಮೆಲ್ಲಗೆ. ಒತ್ತಿ ಹಿಡಿದರೆ ಬೆರಳಿನ ಗುರುತು ಬೀಳ್ತದೆ. ಬೆಂದ ಮೇಲೆ ಆ ಗುರುತು ಹೋಗುವುದೇ ಇಲ್ಲ."

"ಮೆಲ್ಲಗೆ ಹಿಡೀತಿ ಅಂತ ಕೆಳಗೆ ಬಿಡ್ತಿಯಾ?"

"ಬಿಟ್ಟರೆ ಒಡೆದು ಹೋಗ್ತದಲ್ಲ!"

"ಹಾಗೆಯೇ ಮಗಾ. ನಿನ್ನ ಮಾತು ಸತ್ಯ ಅಂತಾದರೆ ಬಿಡಬೇಡ. ಸಿಟ್ಟನ್ನು ಸಹ ಬಿಸಾಡಬೇಡ. ಎರಡೂ ಅಂಗೈಲಿ ಹಿಡಿ. ಗುರುತು ಬೀಳದ ಹಾಗೆ, ಕೆಳಗೂ ಬೀಳದ ಹಾಗೆ."

'ತಾಳಿದವನು ಬಾಳಿಯಾನು' ಎಂದು ಗಾದೆ ಹೇಳುವವರು ಊರಲ್ಲಿ ಬಹಳ ಮಂದಿ. ತಾಳಬೇಕಾದ ಕಷ್ಟ ಸಾಮಾನ್ಯವಾಗಿ ಅವರದ್ದಾಗಿರುವುದಿಲ್ಲ. ಬೆನಿಟಾಳಿಗೆ ಆ ಗಾದೆ ಕೇಳಿದರೆ ಮೈ ಉರಿಯುತ್ತಿತ್ತು. ಆದರೆ ಈ ಮುದುಕಿ ಹೇಳಿದ್ದು ಬೇರೆಯೇ ಆಗಿತ್ತು.

ಮರುದಿನದಿಂದ ಅವಳು ಅಭ್ಯಾಸ ಶುರುಮಾಡಿದಳು. ಬೆಳಿಗ್ಗೆ ಮೊದಲ ಹಂಚು ಎತ್ತುವಾಗ ಮನಸ್ಸಿನಲ್ಲೇ ಒಂದು ಪ್ರಾರ್ಥನೆ: 'ಕರ್ತಾ, ನನ್ನನ್ನು ಮೆತ್ತಗೆ ಮಾಡು... ಆದರೆ ಮಣಿಸಬೇಡ.' ಯಾರಾದರೂ ಕೆಣಕಿದರೆ ಉತ್ತರ ಕೊಡುವ ಮೊದಲು ಕೈಯಲ್ಲಿದ್ದ ಹಂಚಿನ ನಾಲ್ಕೂ ಅಂಚು ಸವರಿ ಮುಗಿಸಬೇಕು.

ಮೊದಲ ವಾರ ಸೋತದ್ದು ಹನ್ನೊಂದು ಸಲ. ಡಾಲಿ ಎಂಬ ಪಕ್ಕದವಳು 'ನಿನ್ನ ಗಂಟಲಿಗೆ ಎಂತ ಆಯ್ತು ಮಾರಾಯ್ತಿ?' ಎಂದು ಕೇಳಿದ್ದಕ್ಕೆ ಅವಳ ಜನ್ಮ ಜಾಲಾಡಿಬಿಟ್ಟಳು. ಎವ್ಲಿನಮ್ಮ ಬುಧವಾರ ಕೇಳಿ ನಕ್ಕಳು. "ಹನ್ನೊಂದು ಅಂತ ನಿನಗೆ ಗೊತ್ತಾಯ್ತಲ್ಲ? ಮೊದಲು ಅದೂ ಗೊತ್ತಿರಲಿಲ್ಲ."

ಮಳೆಗಾಲದ ಮೊದಲೇ ಅಕ್ಕು ಹೆಣ್ಣು ಮಗು ಹೆತ್ತಳು. ಮಗು ಗಟ್ಟಿಯಾಗಿತ್ತು, ತಾಯಿ ಬಡಕಲಾಗಿದ್ದಳು. ಗಂಡ ಗಿರಿಯಪ್ಪನ ಬಲೆಗೆ ಆ ವರ್ಷ ಮೀನು ಹತ್ತಲಿಲ್ಲ. "ಮೇಸ್ತ್ರಿ ಪುನಃ ಕರೀತಾರಾ ಬೆನಿಟಕ್ಕಾ?" ಎಂದು ಅಕ್ಕು ಕೇಳಿದಾಗಲೆಲ್ಲ ಬೆನಿಟಾಳ ಎದೆಯೊಳಗೆ ಹಂಚು ಭಾರವಾಗುತ್ತಿತ್ತು. ಕೆಳಗೆ ಬಿಡಲಿಲ್ಲ.

ಆಗಸ್ಟಿನ ಭೋಜನಕ್ಕೂ ಅವಳ ಹೆಸರು ಇರಲಿಲ್ಲ. ಸೈಲಾಸನದೂ ಇರಲಿಲ್ಲ.

ವಿಚಿತ್ರವೆಂದರೆ, ಸಿಟ್ಟನ್ನು ಅಂಗೈಯಲ್ಲಿ ಹಿಡಿದು ನೋಡಲು ಕಲಿತ ಮೇಲೆ ಅವಳಿಗೆ ಬೇರೆ ಕೆಲವು ಸಂಗತಿಗಳೂ ಕಾಣತೊಡಗಿದವು. ಸೈಲಾಸ ಪ್ರತಿ ಭಾನುವಾರ ಬೆಂಗ್ರೆಗೆ ಹೋಗುತ್ತಾನೆ. ಬೇರೆಯವರು ಹಂಚನ್ನು ಕೋಲಿನಿಂದ ಬಡಿದರೆ ಅವನು ಗೆಣ್ಣಿನಿಂದ, ಬಾಗಿಲು ತಟ್ಟಿ 'ಒಳಗೆ ಯಾರಿದ್ದೀರಿ?' ಎಂದು ಕೇಳುವವನ ಹಾಗೆ ತಟ್ಟುತ್ತಾನೆ. ಮೇಸ್ತ್ರಿ ಶೆಡ್ಡಿಗೆ ಬಂದಾಗಲೆಲ್ಲ ಯಾವುದೋ ನೆಪದಲ್ಲಿ ಬಾಗಿಲ ಬಳಿ ಬಂದು ನಿಲ್ಲುತ್ತಾನೆ.

'ಇವನಿಗೆ ನನ್ನ ಮೇಲೆ ಜಗಳ ಇದ್ದರೆ ಮುಖದಲ್ಲಿ ಯಾಕೆ ಕಾಣುವುದಿಲ್ಲ?'

ಆ ಪ್ರಶ್ನೆಯ ಜೊತೆಗೆ ಇನ್ನೊಂದು ಹುಟ್ಟಿತು. 'ಇವನು ಬಾಗಿಲಲ್ಲಿ ಇಲ್ಲದ ದಿನ ನನಗೆ ಯಾಕೆ ಬೇಸರ?' ಅದಕ್ಕೆ ಉತ್ತರ ಗೊತ್ತಿತ್ತು. ಒಪ್ಪಿಕೊಳ್ಳಲು ಮಾತ್ರ ಮನಸ್ಸಿರಲಿಲ್ಲ.

"ಅವನನ್ನು ಕೇಳಲಾ?" ಎಂದಳು ಒಂದು ಬುಧವಾರ.

"ಕೇಳು," ಎಂದಳು ಎವ್ಲಿನಮ್ಮ, ಎಲ್ಲೋ ನೋಡುತ್ತ. "ಆದರೆ ಅವನಿಗೆ ಈಗ ಹೇಳಲಿಕ್ಕೆ ಆಗದ್ದು ಉಂಟು. ಕ್ರಿಸ್ಮಸ್ ತನಕ ಕಾಯು."

*

ಕ್ರಿಸ್ಮಸ್ ಭೋಜನದ ಮುಂಚಿನ ಶುಕ್ರವಾರ. ಮೂರನೆಯದು, ಕೊನೆಯದು.

"ಒಂದು ಮಾತು ಮಗಾ," ಹೊರಡುವಾಗ ತಾಯಿ ಕಣ್ಣೊರೆಸಿಕೊಂಡಳು. "ಸುಳ್ಳು ಅಂತ ಹೇಳಿಬಿಡು. ನಾನು ಸತ್ತರೆ ಒಂದು ಕಡೆ, ನೀನು ಸತ್ತರೆ ಒಂದು ಕಡೆ ಮಣ್ಣಾಗುವುದಾ?"

ಬೆನಿಟಾ ತಾಯಿಯ ಕೈಯನ್ನು ಎರಡೂ ಅಂಗೈಯಲ್ಲಿ ಹಿಡಿದಳು. "ಅಮ್ಮ, ಸುಳ್ಳು ಹೇಳಿ ಆ ರೊಟ್ಟಿ ತಿಂದರೆ ಅದು ಗಂಟಲಲ್ಲಿ ಇಳಿಯುವುದಿಲ್ಲ."

ಜಗಲಿಯಲ್ಲಿ ಜನ ತುಂಬಿದ್ದರು. ಬೋಧಕರ ಮುಂದೆ ಪುಸ್ತಕ, ಪಕ್ಕದಲ್ಲಿ ಇಸ್ತ್ರಿ ಹಾಕಿದ ಕೋಟಿನ ಮೇಸ್ತ್ರಿ.

"ಕಲಿತಿಯಾ ಸಾಧುತ್ವ?" ಎಂದ ಮೇಸ್ತ್ರಿ.

ಹಳೆಯ ಬೆನಿಟಾಳ ನಾಲಿಗೆಯ ತುದಿಗೆ ಏಳೆಂಟು ಉತ್ತರ ಓಡಿ ಬಂದವು. ಹೊಸ ಬೆನಿಟಾ ಒಂದು ಹಂಚಿನ ನಾಲ್ಕು ಅಂಚು ಸವರುವಷ್ಟು ಹೊತ್ತು ಸುಮ್ಮನೆ ನಿಂತಳು.

"ಕಲೀತಾ ಇದ್ದೇನೆ ಮೇಸ್ತ್ರಿಗಳೇ." ಅವಳ ಸ್ವರ ಎಷ್ಟು ಮೆಲ್ಲಗಿತ್ತೆಂದರೆ ಹಿಂದಿನವರು ಕೇಳಲು ಮುಂದೆ ಬಂದರು. "ಹಂಚು ಎಸೆದದ್ದು ನನ್ನ ತಪ್ಪು. ನಿಮ್ಮ ಹತ್ತಿರವೂ, ಏಟು ಬಿದ್ದವರ ಹತ್ತಿರವೂ ಕ್ಷಮೆ ಕೇಳ್ತೇನೆ. ಅಕ್ಕುವಿನ ತಲೆ ಮೇಲೆ ಎರಡನೇ ಹಲಗೆ ಇಟ್ಟದ್ದು ನೀವು. ಆ ಮಾತನ್ನು ಹಿಂದೆ ತೆಗೊಳ್ಳುವುದಿಲ್ಲ."

"ಹಾಗಾದರೆ ಹೆಸರು ಹೊಡೆದು ಹಾಕಿ ಅಯ್ಯನವರೇ."

"ಹೊಡೆದು ಹಾಕಿದರೂ ನಾನು ಭಾನುವಾರ ಬರ್ತೇನೆ," ಎಂದಳು ಅದೇ ಸ್ವರದಲ್ಲಿ. "ಮುಂದಿನ ಭಾನುವಾರವೂ ಬರ್ತೇನೆ. ಬಾಗಿಲ ಹೊರಗೆ ಮೆಟ್ಟಿಲಲ್ಲಿ ಕೂರ್ತೇನೆ. ದೀರ್ಘಶಾಂತಿ ಅಂದರೆ ಎಷ್ಟು ದೀರ್ಘ ಅಂತ ನೀವು ನನಗೆ ಹೇಳಲಿಲ್ಲ. ನಾನು ಮುದುಕಿ ಆಗುವ ತನಕ ಕೂರಲಿಕ್ಕೆ ತಯಾರು."

ಬೋಧಕರ ಪೆನ್ನು ಗಾಳಿಯಲ್ಲೇ ನಿಂತಿತು.

ಆಗ ಹಿಂದಿನಿಂದ ಸೈಲಾಸ ಮುಂದೆ ಬಂದ.

"ನಿನ್ನದೂ ಮೂರನೇ ಸಲ," ಬೋಧಕರು ಹೇಳಿದರು. "ಇನ್ನೂ ಜಗಳ ಬಾಕಿ ಉಂಟಾ?"

"ಉಂಟು."

ಈ ಸಲ ಬೆನಿಟಾ ಮುಖ ತಿರುಗಿಸಲಿಲ್ಲ. 'ಮುಗಿಸಲಿ. ಎಷ್ಟು ಹೊತ್ತಾದರೂ ಸರಿ, ಅವನು ವಾಕ್ಯ ಮುಗಿಸಲಿ.'

"ನನ್ನ ಜಗಳ..." ಅವನು ನಿಂತ. ಯಾರೋ ಕೆಮ್ಮಿದರು, ಯಾರೋ ಕಿಸಕ್ಕೆಂದರು. ಬೆನಿಟಾ ಅವರ ಕಡೆ ಒಮ್ಮೆ ನೋಡಿದಳು, ಅಷ್ಟಕ್ಕೇ ನಗು ನಿಂತಿತು. "ನನ್ನ ಜಗಳ ಬೆನಿಟಾಳ ಹತ್ತಿರ ಅಲ್ಲ. ಯಾವತ್ತೂ ಇರಲಿಲ್ಲ. ಜಕರಿಯ ಮೇಸ್ತ್ರಿಗಳ ಹತ್ತಿರ."

ಜಗಲಿಯ ಜನರೆಲ್ಲ ಮೇಸ್ತ್ರಿಯ ಕಡೆ ತಿರುಗಿದರು.

"ತಪ್ಪು ಮಾಡಿದವನಿಗೆ ಮೊದಲು ಒಬ್ಬನೇ ಹೋಗಿ ಹೇಳಬೇಕು ಅಂತ ನೀವೇ ಕಲಿಸಿದ್ದು ಅಯ್ಯನವರೇ. ಈಸ್ಟರಿಗೆ ಮುಂಚೆ ಒಬ್ಬನೇ ಹೋದೆ. ಬೈದು ಕಳಿಸಿದರು. ಕೇಳದಿದ್ದರೆ ಇಬ್ಬರು ಸಾಕ್ಷಿಯ ಜೊತೆ ಹೋಗಬೇಕು. ಆಗಸ್ಟಿನಲ್ಲಿ ಎವ್ಲಿನಮ್ಮನನ್ನೂ ಗೂಡಿನಲ್ಲಿ ಕೆಲಸ ಮಾಡುವ ತುಕ್ರನನ್ನೂ ಕರ್ಕೊಂಡು ಹೋದೆ. ಎರಡನೇ ಹಲಗೆ ಇಟ್ಟದ್ದನ್ನು ನಾನೂ ತುಕ್ರನೂ ಕಣ್ಣಾರೆ ನೋಡಿದ್ದೇವೆ. ಆಗಲೂ ಕೇಳಲಿಲ್ಲ. ಅಲ್ಲಿಯ ತನಕ ಬೇರೆಯವರಿಗೆ ಹೇಳಬಾರದು, ಹೇಳಲಿಲ್ಲ." ಅವನು ಉಸಿರು ತೆಗೆದುಕೊಂಡ. "ಮೂರನೆಯದು ಸಭೆಗೆ ಹೇಳುವುದು. ಈಗ ಹೇಳ್ತಾ ಇದ್ದೇನೆ."

ಎವ್ಲಿನಮ್ಮ ಮೂಲೆಯ ಬೆಂಚಿನಿಂದ ತಲೆಯಾಡಿಸಿದಳು.

ಬೆನಿಟಾಳಿಗೆ ಕಣ್ಣು ಮಂಜಾಯಿತು. ಈಸ್ಟರಿನಿಂದ ಇವತ್ತಿನ ತನಕ... ಅವಳು ಹೊರಗಿದ್ದಷ್ಟು ದಿನವೂ ಅವನೂ ಹೊರಗಿದ್ದ. ಅವಳ ಹೆಸರಿನ ಜೊತೆ ತನ್ನ ಹೆಸರನ್ನೂ ಪಣಕ್ಕೆ ಇಟ್ಟಿದ್ದ. ಅವಳು ಅವನನ್ನು ಹೇಡಿ ಎಂದುಕೊಂಡಿದ್ದಳು!

ಬೋಧಕರು ಎದ್ದು ನಿಂತರು. ಮೊದಲ ಸಲ ಅವರ ಸ್ವರದಲ್ಲಿ ಬೆನ್ನೆಲುಬು ಇತ್ತು. "ಜಕರಿಯರೇ, ರಾಜಿಯಾಗುವ ತನಕ ನಿಮ್ಮ ಹೆಸರನ್ನೂ ಬರೆಯಲಿಕ್ಕೆ ಆಗುವುದಿಲ್ಲ. ಪಾತ್ರೆ ಹಿಡಿಯಲಿಕ್ಕೂ ಆಗುವುದಿಲ್ಲ."

ಮೇಸ್ತ್ರಿಯ ಮುಖ ಬೂದಿಯಾಯಿತು. ಇಪ್ಪತ್ತು ವರ್ಷದಿಂದ ಆ ಪಾತ್ರೆ ಹಿಡಿದ ಕೈ ಈಗ ಬರಿದಾಗಿ ಮಡಿಲಲ್ಲಿ ಬಿದ್ದಿತ್ತು. ಈಗ ಒಂದೇ ಒಂದು ಚುಚ್ಚು ಮಾತು ಸಾಕಿತ್ತು, ಆ ಮನುಷ್ಯ ಜನ್ಮದಲ್ಲಿ ತಲೆ ಎತ್ತುತ್ತಿರಲಿಲ್ಲ. ಎಲ್ಲರೂ ಬೆನಿಟಾಳ ಬಾಯಿಯನ್ನೇ ನೋಡಿದರು.

ಹಂಚು ಅವಳ ಕೈಯಲ್ಲಿತ್ತು. ಪುನಃ ಎಸೆಯಬಹುದಿತ್ತು, ಈ ಸಲ ಗುರಿಯೂ ತಪ್ಪುತ್ತಿರಲಿಲ್ಲ.

ಅವಳು ಮೇಸ್ತ್ರಿಯ ಎದುರು ನೆಲದಲ್ಲಿ ಕೂತಳು, ಅವನು ತಲೆ ತಗ್ಗಿಸಿದ್ದರೂ ಮುಖ ಕಾಣುವ ಹಾಗೆ.

"ಮೇಸ್ತ್ರಿಗಳೇ, ಅಕ್ಕುವಿನ ಮಗುವಿಗೆ ಹಲ್ಲು ಬಂದಿದೆ. ಸೋಮವಾರದಿಂದ ಅವಳು ಕೆಲಸಕ್ಕೆ ಬರಲಿ. ಹಲಗೆ ಒಂದೇ. ನೀವು ಹೂಂ ಅಂದರೆ ನನ್ನ ಕಡೆಯಿಂದ ಜಗಳ ಮುಗಿಯಿತು. ಅನ್ನದಿದ್ದರೆ ಮುಗಿಯುವುದಿಲ್ಲ. ನನಗೆ ಅವಸರ ಇಲ್ಲ. ಕಾಯ್ತೇನೆ."

ಹೊರಗೆ ಎಲ್ಲೋ ಎತ್ತಿನ ಗಾಡಿಯೊಂದು ಹಾದುಹೋಯಿತು. ಬೆನಿಟಾ ಅಲ್ಲಾಡಲಿಲ್ಲ.

"ಅವಸರದಲ್ಲಿ ಇಟ್ಟೆ ಮಗಾ," ಕೊನೆಗೆ ಮೇಸ್ತ್ರಿ ಹೇಳಿದ. ಅದು ಮೇಸ್ತ್ರಿಯ ಸ್ವರವಾಗಿರಲಿಲ್ಲ, ಒಬ್ಬ ಮುದುಕನದ್ದಾಗಿತ್ತು. "ಎರಡನೇ ಹಲಗೆ... ನಾನೇ ಇಟ್ಟೆ. ಸೋಮವಾರ ಬರಲಿ."

ಸೈಲಾಸನೂ ಆಯಿತೆಂದು ತಲೆಯಾಡಿಸಿದ. ಬೋಧಕರು ಪೆನ್ನನ್ನು ಮಸಿಯಲ್ಲಿ ಅದ್ದಿ ಮೂರು ಹೆಸರು ಬರೆದರು.

*

ಗೇಟಿನ ಹೊರಗೆ ಹೊನ್ನೆ ಮರದ ಕೆಳಗೆ ಸೈಲಾಸ ನಿಂತಿದ್ದ. ಕೈಯಲ್ಲಿ ಏನೋ ತಿರುಗಿಸುತ್ತಿದ್ದ. ಹತ್ತಿರ ಬಂದಾಗ ಅವಳಿಗೆ ಗೊತ್ತಾಯಿತು: ಒಂದು ಹಂಚಿನ ಚೂರು, ಗೂಡಿನಲ್ಲಿ ಬೆಂದು ಕೆಂಪಗಾದದ್ದು. ಮೂಲೆಯಲ್ಲಿ ಒಂದು ಬೆರಳಿನ ಗುರುತು.

"ಇದು... ಅವತ್ತಿನದ್ದಾ?"

"ನಿಮ್ಮ ಹೆಬ್ಬೆರಳು." ಅವನು ನಕ್ಕ. "ಗಟ್ಟಿಯಾಗಿ ಹಿಡಿದಿದ್ದಿರಿ."

ಅವಳು ಕೈಯೆತ್ತಿ ಅವನ ಹುಬ್ಬಿನ ಮೇಲಿನ ಬಿಳಿ ಗೆರೆಯನ್ನು ಮೆಲ್ಲಗೆ ಮುಟ್ಟಿದಳು. ಹಸಿ ಹಂಚು ಮುಟ್ಟುವ ಹಾಗೆ.

"ದೋಣಿಯಲ್ಲಿ ನೀವು ಎಂತದೋ ಹೇಳಲಿಕ್ಕೆ ಹೊರಟಿದ್ದಿರಿ. ನಾನು ಬಿಡಲಿಲ್ಲ. ಈಗ ಹೇಳಿ."

ಅವನು ಬಾಯಿ ತೆರೆದ. ಮುಚ್ಚಿದ. ಮರದ ನೆರಳು ಅವರ ಕಾಲ ಬುಡದಿಂದ ಸ್ವಲ್ಪ ಸರಿಯಿತು. ಅವಳು ಕಾದಳು. ಕಾಯುವುದು ಇಷ್ಟು ಸುಖವಾಗಿರುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಅದು ನಿಮ್ಮ ಮೇಲಿನ ಜಗಳ ಅಲ್ಲ, ಅಂತ ಹೇಳಲಿಕ್ಕಿತ್ತು," ಎಂದ ಕೊನೆಗೆ. "ನಿಮ್ಮ ಮೇಲೆ ಇರುವುದು... ಪ್ರೀತಿ ಅಂತ."

"ಅಷ್ಟಕ್ಕೆ ಎಂಟು ತಿಂಗಳು ಬೇಕಾಯ್ತಾ?"

"ನನಗೆ ಮಾತು ನಿಧಾನ."

"ನಿಧಾನವೇ ಇರಲಿ," ಎಂದಳು ಬೆನಿಟಾ, ಅವನ ಕೈಯಿಂದ ಚೂರನ್ನು ತೆಗೆದುಕೊಂಡು ಸೆರಗಿಗೆ ಕಟ್ಟುತ್ತ. "ಆದರೆ ಬೋಧಕರು ಮದುವೆಯ ದಿನ ಪ್ರಶ್ನೆ ಕೇಳುವಾಗ ಮಾತ್ರ ಬೇಗ ಹೂಂ ಅನ್ನಿ."

"ತಡವಾದರೆ?"

"ಕಾಯ್ತೇನೆ ಮಾರಾಯರೇ. ಈಗ ನನಗೆ ಬರ್ತದೆ."